ಕುರಿ ತಿನ್ನಬಹುದಾದ ಪುಸ್ತಕ

ನಾಲಿಗೆಗೆ ಎಲುಬಿಲ್ಲ. ಆದರೆ ಅದು ಆಡಿಬಿಟ್ಟ ಮಾತನ್ನು ಹೊತ್ತು ತಿರುಗುವ ಮೈಗೆ ಎಲುಬುಂಟು, ಆ ಎಲುಬು ನೋಯುವುದೂ ಉಂಟು. ಮಾನ್ವಿಯ ಹರಿಪ್ರಿಯಾ ಅಕ್ಕೋರು ಅಂಥದೊಂದು ಮಾತನ್ನು ಹದಿನಾಲ್ಕು ತಿಂಗಳಿಂದ ಹೊತ್ತಿದ್ದರು.

ಅಕ್ಕೋರು ಎಂದರೆ ನಮ್ಮ ಕಡೆ ಟೀಚರು. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಮೂರನೇ ತರಗತಿಗೆ ಪಾಠ ಹೇಳಿಕೊಂಡು ಬಂದ ಆಕೆಗೆ ಮಕ್ಕಳ ಪುಸ್ತಕ ಹೊರತರುವ ಗೀಳು. ಮೊದಲನೆಯದು ಊರ ಗಿಡಮರಗಳದ್ದು. ಮುಖಪುಟದ ಮೇಲೆ ದೊಡ್ಡದೊಂದು ಬೇವಿನ ಮರ, ಅದರ ಕೆಳಗೆ ‘ಹಸಿರು ಉಳಿಸಿ’ ಎಂಬ ಕೆಂಪು ಅಕ್ಷರ. ದೇವದುರ್ಗ ತಾಲೂಕಿನ ಶಾಲೆಗಳಿಗೆಲ್ಲ ಅದು ಹೋಗಿತ್ತು. ಎರಡನೆಯದು ಹಳ್ಳಕೊಳ್ಳಗಳದ್ದು. ಮೂರನೆಯದಕ್ಕೆ ಪ್ರಾಣಿ ಪಕ್ಷಿಗಳ ಕಥೆ ಹುಡುಕುತ್ತ ಗಬ್ಬೂರಿನ ಬಸ್ಸು ಹತ್ತಿದ್ದೇ ಈ ಎಲ್ಲ ಫಜೀತಿಗೆ ಮೂಲವಾಯಿತು.

ಗಬ್ಬೂರಿನಿಂದ ಹೊಲದ ದಾರಿ ಹಿಡಿದು ಎರಡು ಮೈಲು ನಡೆದರೆ ಬಂಡೆಮ್ಮನ ಕುರಿಹಟ್ಟಿ. ಅರವತ್ತು ದಾಟಿದ ಹೆಣ್ಣುಮಗಳು, ಗಂಡ ತೀರಿದ ಮೇಲೂ ಎಂಬತ್ತು ಕುರಿಗಳನ್ನು ತಾನೇ ನೋಡಿಕೊಂಡವಳು. ಆಕೆ ಕಥೆ ಹೇಳಲು ಕೂತಳೆಂದರೆ ಅಡವಿ ಎದ್ದು ಬಂದು ಪಕ್ಕದಲ್ಲಿ ಕೂತ ಹಾಗೆ. “ನಮ್ಮ ಹೊಲದಾಗ ಹನ್ನೆರಡು ಮಂದಿ ಅದಾರವ್ವಾ, ನಾವು ಹದಿಮೂರನೇದವ್ರು” ಎಂದು ಶುರು ಮಾಡಿ ತೋಳ, ಗುಳ್ಳೆನರಿ, ಮುಂಗುಸಿ, ಗೌಜಲಕ್ಕಿ, ಟಿಟ್ಟಿವಕ್ಕಿ ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದಳು. ಐದು ಭಾನುವಾರ ಹೋಗಿ ಬಂದು ಹರಿಪ್ರಿಯಾ ಹನ್ನೆರಡು ಕಥೆ ಬರೆದುಕೊಂಡರು. ಐದನೇ ಭಾನುವಾರ ಅವನ್ನು ಪುಸ್ತಕ ಮಾಡುವ ಮಾತೆತ್ತಿದರು.

ಬಂಡೆಮ್ಮ ಎದ್ದು ಒಳಗೆ ಹೋಗಿ ಗೋಡೆಯ ಗೂಡಿನಿಂದ ಏನೋ ತಂದಳು. ಅಂಗೈಯಗಲದ ಒಂದು ತುಂಡು. ಮೇಲೆ ಪ್ಲಾಸ್ಟಿಕ್ ಹೊದಿಕೆ; ಸುಕ್ಕುಗಟ್ಟಿದ್ದರೂ ಮಿಂಚುತ್ತಿತ್ತು.

“ಹ್ವಾದ ಬ್ಯಾಸಗಿಯಾಗ ನನ್ನ ಕರಿ ಕುರಿ ಹೊಟ್ಟಿ ಉಬ್ಬಿ ಸತ್ತಿತು. ಕೊಯ್ದು ನೋಡಿದ್ರ ಇಂಥಾವು ಒಂದು ಬೊಗಸಿ ಇದ್ದವು. ಪ್ಲಾಸ್ಟಿಕ್ ಚೀಲ, ಪುಡಕಿ, ಮ್ಯಾಲ ಇದು. ಶಾಲಿ ಪುಸ್ತಕದ ರಟ್ಟಂತ. ಮೊಮ್ಮಗಳು ಓದಿ ನಕ್ಕಳು ಬೇ. ಏನೋ ಉಳಸ್ರಿ ಅಂತ ಬರದಾರಂತ ಇದರ ಮ್ಯಾಲ! ಕುರಿ ಮಣ್ಣಾಗಿ ಹೋತು, ಇದು ನೋಡು, ಇನ್ನಾ ಹಾಂಗೇ ಮಿಂಚಾಕತ್ತದ.”

ಹರಿಪ್ರಿಯಾ ಆ ತುಂಡನ್ನು ನೋಡಿದರು. ಬೇವಿನ ಮರದ ಅರ್ಧ ಟೊಂಗೆ. ಕೆಂಪು ಅಕ್ಷರದಲ್ಲಿ ‘ಉಳಿಸಿ’. ಅದು ತನ್ನದೇ ಪುಸ್ತಕ ಎಂದು ಹೇಳಲು ಬಾಯಿ ತೆರೆದರು. ಬಾಯಿ ಬೇರೆ ಏನೋ ಹೇಳಿತು: “ಅಯ್ಯೋ ಪಾಪ.”

“ನನ್ನ ಕಥಿ ಒಯ್ಯಿ ಅಕ್ಕೋರ, ನನ್ನದೇನಿಲ್ಲ” ಎಂದಳು ಬಂಡೆಮ್ಮ. “ಆದ್ರ ಒಂದು ಮಾತು ಕೊಡು. ಹುಡುಗ್ರು ಪುಸ್ತಕ ಹರೀತಾವು, ಒಗೀತಾವು, ಅದು ಅವರ ಗುಣ. ಒಗದಿದ್ದನ್ನ ಕುರಿ ತಿಂತಾವು, ಅದು ಇವುಗಳ ಗುಣ. ಕುರಿ ತಿಂದ್ರ ಕುರಿ ಸಾಯಬಾರದು, ಅಂಥ ಪುಸ್ತಕ ಮಾಡು.”

“ಮಾಡ್ತೀನವ್ವಾ. ದೇವರಾಣೆ” ಎಂದುಬಿಟ್ಟರು ಹರಿಪ್ರಿಯಾ.

ಆಣೆ ಇಟ್ಟದ್ದು ಒಂದು ಕ್ಷಣ. ತೀರಿಸುವ ಪಾಡು ಹದಿನಾಲ್ಕು ತಿಂಗಳು.

ರಾಯಚೂರಿನ ಕಾಗದದ ಅಂಗಡಿಯವನು ಮೊದಲು ನಕ್ಕ. ಹಳೇ ಕಾಗದ ಅರೆದು ಮಾಡಿದ್ದು, ಬಿಳುಪಿನ ಔಷಧ ಹಾಕದ್ದು ಬೇಕೆಂದರೆ, “ಮಿರ್ಚಿ ಭಜಿ ಕಟ್ಟೋ ಕಾಗದ ಕೇಳಾಕತ್ತೀರಲ್ರಿ ಮೇಡಂ, ಮಕ್ಕಳಿಗೆ ಬೆಳ್ಳಂದು ಕೊಡ್ರಿ” ಎಂದ. ನಾಲ್ಕು ತಿಂಗಳ ನಂತರ ಹೈದರಾಬಾದಿನಿಂದ ಕಾಗದ ಬಂದಾಗ ಒಂದು ಕಟ್ಟು ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಸೋಯಾ ಎಣ್ಣೆಯ ಮಸಿ ತರಿಸಿದರೆ ಮೂರು ಮುದ್ರಣದವರು ತಮ್ಮ ಯಂತ್ರಕ್ಕೆ ಹಾಕಲು ಒಪ್ಪಲಿಲ್ಲ. ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಾಹೇಬರೊಬ್ಬರು ಮಾದರಿ ಪ್ರತಿಯನ್ನು ಹಿಂದೆ ಮುಂದೆ ತಿರುಗಿಸಿ, “ಪರಿಸರದ ಮ್ಯಾಲ ಭಾಳ ಚಂದ ಬರದೀರಿ. ನಮಗ ಇಂಥಾವೇ ಬೇಕು. ಮುಖಪುಟಕ್ಕ ಲ್ಯಾಮಿನೇಷನ್ ಹೊಡಿಸಿ ತರ್ರಿ, ನಿಯಮ ಅದ” ಎಂದರು.

“ಸರ್, ಪ್ಲಾಸ್ಟಿಕ್ ಬ್ಯಾಡ ಅಂತನ ಈ ಪುಸ್ತಕದಾಗ ಬರದೀನ್ರಿ.”

“ಒಳಗ ಬರೀರಿ, ಯಾರು ಬ್ಯಾಡಂದ್ರು? ಹೊರಗ ಹೊಡಸ್ರಿ.”

ಹರಿಪ್ರಿಯಾ ಆ ದಿನ ಮಾನ್ವಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದೇ ಸಮನೆ ವಿಷ್ಣುನಾಮ ಹೇಳಿಕೊಂಡು ಬಂದರು. ಭಕ್ತಿಯಿಂದಲ್ಲ, ಬಾಯಿ ಖಾಲಿ ಬಿಟ್ಟರೆ ಬೈಗುಳ ಬಂದೀತೆಂಬ ಹೆದರಿಕೆಯಿಂದ.

ಕೊನೆಗೆ ಕೈಹಿಡಿದವರು ಅಲ್ಲಾಉದ್ದೀನ್ ಚಾಚಾ. ರಾಯಚೂರಿನ ತೀನ್ ಕಂದೀಲ್ ಬಳಿಯ ಗಲ್ಲಿಯೊಂದರಲ್ಲಿ ಹಳೆಯ ಮುದ್ರಣ ಯಂತ್ರ ಇಟ್ಟುಕೊಂಡು ಮದುವೆ ಕಾರ್ಡು, ಬಿಲ್ಲುಪುಸ್ತಕ ಅಚ್ಚು ಹಾಕುತ್ತಿದ್ದ ಎಪ್ಪತ್ತರ ಮುದುಕ. ಮೂಲತಃ ರಟ್ಟು ಕಟ್ಟುವ ಕಸುಬಿನವರು. ಹರಿಪ್ರಿಯಾ ತಂದ ಚೀಟಿಯನ್ನು ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ಪ್ಲಾಸ್ಟಿಕ್ ಬೇಡ. ಪಿನ್ನು ಬೇಡ, ನೂಲಿನ ಹೊಲಿಗೆ ಹಾಕಬೇಕು. ಬಿಳಿ ಗೋಂದು ಬೇಡ. ಮಿಂಚುವ ಮಸಿ ಬೇಡ.

“ಅರೆ, ಬ್ಯಾಡ ಅಕ್ಕೋರು ಬಂದ್ರು ನೋಡ್ರಪಾ! ಮದವಿ ಊಟಕ್ಕ ಕರದು, ಅನ್ನ ಬ್ಯಾಡ ಸಾರು ಬ್ಯಾಡ ಅಂದಂಗಾತು. ಬೇಕು ಅನ್ನೂದು ಏನರ ಅದ ಏನ್ರಿ?”

“ಹುಣಸಿ ಬೀಜದ ಅಂಟು ಬೇಕು ಚಾಚಾ. ಕಂಬಳಿ ನೇಯುವವ್ರು ನೂಲಿಗೆ ಹಚ್ಚತಾರಲ್ಲ, ಅಂಥದು.”

ಮುದುಕರ ಮುಖ ಅರಳಿತು. ಬಿಳಿ ಗೋಂದು ಬರುವ ಮುಂಚೆ ತಮಗೆ ಕಸುಬು ಕಲಿಸಿದ ಉಸ್ತಾದರು ಆ ಅಂಟಿನಿಂದಲೇ ಕಚೇರಿಯ ಲೆಕ್ಕದ ದಫ್ತರಗಳನ್ನು ಕಟ್ಟುತ್ತಿದ್ದರು ಎಂದರು. ಬೀಜ ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು, ಕುದಿಸಿದರು. ಆ ಗಲ್ಲಿಯಲ್ಲಿ ಅಂಥ ವಾಸನೆ ಎದ್ದು ಎಷ್ಟೋ ವರ್ಷವಾಗಿತ್ತು.

ಮೊದಲು ಕಟ್ಟಿದ ಹತ್ತು ಪ್ರತಿಗೆ ಹದಿನೈದು ದಿನದಲ್ಲಿ ಹುಳ ಬಿದ್ದಿತು. ಬೆನ್ನಿನ ಉದ್ದಕ್ಕೂ ತೂತು. ಹರಿಪ್ರಿಯಾ ತಲೆ ಹಿಡಿದು ಕೂತರು. ಚಾಚಾ ಮಾತ್ರ ಅಂಜಲಿಲ್ಲ.

“ಚಿಂತಿ ಬಿಡ್ರಿ ಅಕ್ಕೋರ. ಇದಕ್ಕ ಉಸ್ತಾದ್ ಒಂದು ಉಪಾಯ ಕಲಿಸ್ಯಾರ. ಇನ್ನ ನೂರು ವರ್ಷ ಹುಳ ಹಾಯೂದಿಲ್ಲ.”

“ಅದರಾಗ ಪ್ಲಾಸ್ಟಿಕ್ ಏನೂ ಇಲ್ಲಲ್ಲ ಚಾಚಾ?”

“ಖುದಾ ಕಸಂ, ಇಲ್ಲ.”

ಅಷ್ಟು ಕೇಳಿದ್ದೇ ಸಾಕೆನಿಸಿತು. ಬೇಡ ಬೇಡ ಎಂದು ಹೇಳಿ ಹೇಳಿ ಆಕೆಗೂ ಸಾಕಾಗಿತ್ತು. ಐದುನೂರು ಪ್ರತಿ ಕಟ್ಟಿ ಮುಗಿದಾಗ ಕಾರ್ತಿಕ ಬಂದಿತ್ತು. ‘ಹೊಲದ ಹನ್ನೆರಡು ಮಂದಿ’ ಎಂದು ಹೆಸರು. ಮಾಸಲು ಹಾಳೆ, ನೂಲಿನ ಹೊಲಿಗೆ, ಕೈಗೆ ಒರಟಾಗಿ ಸಿಗುವ ರಟ್ಟು. ರಟ್ಟು ಕೂಡಿದ ಅಂಚಿನಲ್ಲಿ ನವಿಲುಗರಿಯ ನೆರಳು ಬಿದ್ದಂಥ ತೆಳು ನೀಲಿ. ಆ ನೀಲಿ ಕೂಡ ಚಂದವೇ ಎಂದುಕೊಂಡರು. ಒಂದು ಪ್ರತಿಯನ್ನು ತಂದೆ ಗೋಪಾಲಕೃಷ್ಣಾಚಾರ್ಯರು ದೇವರ ಮುಂದಿಟ್ಟು ತುಳಸಿ ದಳ ಏರಿಸಿ, “ಸರಸ್ವತಿ ಮನಿಗೆ ಬಂದಾಳ, ಕಾಲು ತಾಕಿಸಬ್ಯಾಡ್ರಿ” ಎಂದರು.

ಬಿಡುಗಡೆ ಸೋಮವಾರ, ದೇವದುರ್ಗದ ಶಾಲೆಯೊಂದರಲ್ಲಿ. ವೇದಿಕೆಯ ಮೇಲೆ ಬಂಡೆಮ್ಮನೇ ಮುಖ್ಯ ಅತಿಥಿ. ಅದಕ್ಕೆ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅರವತ್ತು ಪ್ರತಿಗಳನ್ನು ಎರಡು ಕೈಚೀಲದಲ್ಲಿ ತುಂಬಿಕೊಂಡು ಹರಿಪ್ರಿಯಾ ಹಟ್ಟಿಗೆ ಹೊರಟರು. ಚಾಚಾ ತಾವೂ ಬರುವೆನೆಂದರು. “ಇಷ್ಟು ‘ಬ್ಯಾಡ’ದಾಗ ಒಂದು ಪುಸ್ತಕ ಕಟ್ಟೀನಿ. ಕಥಿ ಹೇಳಿದಾಕಿನ ಮಾರಿ ನೋಡಬೇಕಲ್ಲ?” ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದರು.

ಮಳೆ ಚೆನ್ನಾಗಿ ಆಗಿತ್ತು. ಹಟ್ಟಿಯ ಸುತ್ತ ಹುಲ್ಲು ಮೊಣಕಾಲೆತ್ತರ. ಬಂಡೆಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಓದು ಬಾರದು. ಚಿತ್ರಗಳ ಮೇಲೆ ಬೆರಳಾಡಿಸಿ, “ಇಂವ ನೋಡು ತ್ವಾಳ, ಕಳ್ಳ! ಕಿವಿ ಸಣ್ಣು ಮಾಡೀರಿ ಇವನ್ವು” ಎಂದು ನಕ್ಕಳು. ಹದಿನಾಲ್ಕು ತಿಂಗಳಲ್ಲಿ ಹರಿಪ್ರಿಯಾಗೆ ಉಸಿರು ಹಗುರಾದದ್ದು ಆ ಗಳಿಗೆಯಲ್ಲಿ.

ಆಮೇಲೆ ಬಂಡೆಮ್ಮ ಎದ್ದಳು. ಗೂಟಕ್ಕೆ ಕಟ್ಟಿದ್ದ ಟಗರಿನ ಮುಂದೆ ಹೋಗಿ ನಿಂತಳು. “ಮಾತು ಕೊಟ್ಟಿದ್ದಿ ನೋಡು ಅಕ್ಕೋರ” ಎಂದವಳೇ ಪುಸ್ತಕವನ್ನು ಅದರ ಮೂತಿಯ ಮುಂದೆ ಹಿಡಿದಳು.

ಟಗರು ಮೂಸಿತು. ಬೆನ್ನಿನ ಅಂಚನ್ನು ನೆಕ್ಕಿತು. ರುಚಿ ಹತ್ತಿತೇನೋ, ರಟ್ಟನ್ನು ಹಲ್ಲಿಗೆ ಸಿಕ್ಕಿಸಿ ಜಗ್ಗತೊಡಗಿತು.

“ಹುಣಸಿ ಅಂಟಿನ ವಾಸನಿಗೆ ಮರುಳಾಗ್ಯಾನ!” ಎಂದು ಬಂಡೆಮ್ಮ ನಗುತ್ತಿರುವಾಗಲೇ ಅಲ್ಲಾಉದ್ದೀನ್ ಚಾಚಾ ಎದ್ದು ಓಡಿದರು. ಎಪ್ಪತ್ತರ ಮುದುಕರು ಹಾಗೆ ಓಡಿದ್ದನ್ನು ಹರಿಪ್ರಿಯಾ ನೋಡಿರಲಿಲ್ಲ. ಟಗರಿನ ಬಾಯಿಯಿಂದ ಪುಸ್ತಕ ಕಿತ್ತುಕೊಂಡು, ಅದರ ದವಡೆಗೆ ಬೆರಳು ಹಾಕಿ ರಟ್ಟಿನ ಚೂರು ಹೊರಗೆಳೆದು, ಜುಬ್ಬಾಕ್ಕೆಲ್ಲ ಜೊಲ್ಲು ಬಳಿದುಕೊಂಡು ನಿಂತರು.

“ತಿನ್ನಿಸಬ್ಯಾಡ್ರೀ ಯವ್ವಾ! ಅಂಟಿನಾಗ ಮೈಲುತುತ್ತ ಅದ!”

ಹರಿಪ್ರಿಯಾ ಎದ್ದು ಬಂದು ಆ ಚೂರನ್ನು ತಿರುವಿ ನೋಡಿದರು.

“ಮೈಲುತುತ್ತ?” ಎಂದರು ಹರಿಪ್ರಿಯಾ. ಹುಳ ಕೊಲ್ಲುವ ಆ ನೀಲಿ ಹರಳು. ಅಂಚಿನ ಆ ನವಿಲುಗರಿಯ ನೀಲಿ ಈಗ ಅರ್ಥವಾಯಿತು.

“ಮತ್ತ ಹುಳ ಹ್ಯಾಂಗ ಹೋಗಬೇಕ್ರಿ? ನಮ್ಮ ಕಸಬಿನಾಗ ಎಲ್ಲಾರೂ ಹಾಕ್ತಾರ. ಉಸ್ತಾದ್ ಕಟ್ಟಿದ ದಫ್ತರ ಇವತ್ತಿಗೂ ಕಚೇರಿಯಾಗ ಅದಾವ, ಒಂದು ಹುಳ ಮುಟ್ಟಿಲ್ಲ.”

“ದಫ್ತರ ಕುರಿ ತಿಂತಾವೇನು ಚಾಚಾ!” ಹರಿಪ್ರಿಯಾ ಕೂಗಿದರು. “ಕಾಗದಕ್ಕ ನಾಕು ತಿಂಗಳು, ಮಸಿಗೆ ಮೂರು ತಿಂಗಳು ಓಡಾಡೀನಿ. ಮಂದಿ ಕೈಲೆ ನಗಿಸಿಕೊಂಡೀನಿ. ಕಡೀಕ ನೀವು ವಿಷಾ ಹಾಕಿ ಕಟ್ಟಿದ್ರೇನು?”

ಬಂಡೆಮ್ಮ ಪುಸ್ತಕವನ್ನು ಮೂಗಿಗೆ ಹಿಡಿದು ನೋಡಿದಳು. “ನಮ್ಮಲ್ಲೂ ಅದ ಮೈಲುತುತ್ತ. ಗೊರಸು ಕೊಳತ್ರ ತೊಳೀತೀವಿ. ಗೊರಸಿಗೆ ಹಚ್ಚೂದು, ಬಾಯಿಗಲ್ಲ. ಆಡು ಆದ್ರ ತಡಕೊಂತದ, ಕುರಿ ತಡಕೊಳ್ಳೂದಿಲ್ಲ. ಇವತ್ತ ಒಂದು ಚೂರು ತಿಂದ್ರ ಸಾಯಲಿಕ್ಕಿಲ್ಲ. ದಿನಾ ಒಂದೊಂದು ಚೂರು ಸಿಕ್ರ ಒಂದಿನ ಬೀಳ್ತದ. ಎಷ್ಟು ಮಾಡೀರಿ ಇವನ್ನ?”

“ಐದುನೂರು” ಎಂದರು ಚಾಚಾ, ತಲೆ ತಗ್ಗಿಸಿ. ಆಮೇಲೆ ತಲೆ ಎತ್ತಿ, ಅವರೂ ಬಿಸಿಯಾದರು. “ಆದ್ರ ಅಕ್ಕೋರ, ನೀವು ಚೀಟಿ ಕೊಟ್ರಿ. ಪ್ಲಾಸ್ಟಿಕ್ ಬ್ಯಾಡ, ಪಿನ್ ಬ್ಯಾಡ, ಗೋಂದು ಬ್ಯಾಡ. ಒಂದೊಂದೂ ಪಾಲಿಸೀನಿ. ಕುರಿ ತಿಂತದ ಅಂತ ಆ ಚೀಟ್ಯಾಗ ಎಲ್ಲಿತ್ತು? ಆರು ತಿಂಗಳು ನನ್ನ ಅಂಗಡ್ಯಾಗ ಕುಂತು ಚಾ ಕುಡದೀರಿ. ಒಂದಿನ, ಒಂದೇ ಒಂದಿನ ಈ ಕುರಿ ಮಾತು ಹೇಳಿದ್ರಾ?”

ಹೇಳಿರಲಿಲ್ಲ. ಊರೂರು ತಿರುಗಿ ಕಥೆ ಕೂಡಿಸುವ ಹೆಂಗಸು ತನ್ನ ಪುಸ್ತಕ ಕಟ್ಟುವವನಿಗೆ ಆ ಪುಸ್ತಕದ ಕಥೆಯನ್ನೇ ಹೇಳಿರಲಿಲ್ಲ. ಯಾಕೆಂದು ಹರಿಪ್ರಿಯಾಗೆ ಗೊತ್ತಿತ್ತು. ಕುರಿಯ ಮಾತು ತೆಗೆದರೆ ಅದರ ಹೊಟ್ಟೆಯ ಮಾತು ಬರುತ್ತಿತ್ತು, ಹೊಟ್ಟೆಯ ಮಾತು ಬಂದರೆ ಆ ಬೇವಿನ ಮರ ಬರುತ್ತಿತ್ತು. ಆ ಹಳೆಯ ರಟ್ಟು ಯಾರದು ಎಂದು ಚಾಚಾ ಕೇಳಿಯೇ ಕೇಳುತ್ತಿದ್ದರು.

ಹಟ್ಟಿಯ ಕಲ್ಲಿನ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಆಕೆ ಹೇಳಿದರು: “ಯವ್ವಾ, ನಿಮ್ಮ ಗೂಡಿನಾಗ ಇಟ್ಟೀರಲ್ಲ ಆ ತುಂಡು, ಅದು ನಾನು ಮಾಡಿದ ಪುಸ್ತಕದ್ದು. ಅವತ್ತೇ ಗುರ್ತು ಹಿಡದಿದ್ದೆ. ಹೇಳಲಿಕ್ಕೆ ಬಾಯಿ ಬರಲಿಲ್ಲ.”

ಚಾಚಾ ಬೇರೆ ಕಡೆ ನೋಡಿದರು. ಬಂಡೆಮ್ಮ ಟಗರಿನ ಹಗ್ಗ ಬಿಚ್ಚಿ ದೂರದ ಇನ್ನೊಂದು ಗೂಟಕ್ಕೆ ಕಟ್ಟಿ ಬಂದಳು. ಬಂದು ನಿಂತು, “ಆ ಕರಿ ಕುರಿ ಗಬ್ಬ ಇತ್ತು, ಮರಿ ಹಾಕೂದಿತ್ತು” ಎಂದಳು.

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಹರಿಪ್ರಿಯಾ ಬೈಗುಳಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಬೆನ್ನು ಹಾಗೇ ಖಾಲಿ ಉಳಿಯಿತು.

ಒಳಗೆ ಹೋದ ಬಂಡೆಮ್ಮ ಒಂದು ಬುಟ್ಟಿ, ಒಂದು ಬೋಗುಣಿ ನೀರು, ಹಳೇ ಸೀರೆಯ ತುಂಡು ತಂದಿಟ್ಟಳು. “ಹುಣಸಿ ಅಂಟು ನೀರಿಗೆ ಬಿಡ್ತದ. ಕಂಬಳಿ ತೊಳದ್ರ ಬಿಡೂದಿಲ್ಲೇನು? ಕೀಳ್ರಿ ರಟ್ಟು.”

“ಎಲ್ಲಾನೂ?” ಎಂದರು ಚಾಚಾ. ತಾವು ಕಟ್ಟಿದ್ದನ್ನು ತಾವೇ ಕೀಳುವುದೆಂದರೆ ಆ ಮುದುಕರಿಗೆ ಉಗುರು ಕಿತ್ತಂತೆ.

“ಒಳಗಿನ ಹೊಲಿಗಿ ಗಟ್ಟಿ ಅದಲ್ಲ ಮತ್ತ? ಅಂಗಿ ಕಳದ್ರ ಮನಷಾ ಸಾಯ್ತಾನೇನು?”

ಹರಿಪ್ರಿಯಾ ಮೊದಲ ಪ್ರತಿಯನ್ನು ಕೈಗೆತ್ತಿಕೊಂಡರು. ಹುಟ್ಟಿದಾಗಿನಿಂದ ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಂಡ ಜೀವ ಅದು. ಹರಿಯುವುದು ಹೇಗೆ? ಕಣ್ಣಿಗೊತ್ತಿಕೊಂಡರು, ಮನಸ್ಸಿನಲ್ಲೇ ತಪ್ಪಾಯಿತು ತಾಯಿ ಅಂದರು, ರಟ್ಟಿನ ಅಂಚಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದರು. ಅಂಟು ಮೆತ್ತಗಾಯಿತು. ಎಳೆದರು. ಚರ್ ಎಂದು ಬಂದ ಸದ್ದಿಗೆ ಕಣ್ಣು ಮುಚ್ಚಿಕೊಂಡರು. ಎರಡನೆಯದಕ್ಕೂ ಕಣ್ಣಿಗೊತ್ತಿಕೊಂಡರು. ಹತ್ತನೆಯದರ ಹೊತ್ತಿಗೆ ಕೈ ತಾನೇ ಕೆಲಸ ಕಲಿತಿತ್ತು, ಸಿಟ್ಟೂ ಅದಕ್ಕೆ ಜೊತೆಯಾಗಿತ್ತು: ಕಾಗದದವನ ಮೇಲೆ, ಸಾಹೇಬರ ಮೇಲೆ, ಉಸ್ತಾದರ ಮೇಲೆ, ಎಲ್ಲಕ್ಕಿಂತ ಹೆಚ್ಚು ಮೊದಲ ದಿನ ಸುಮ್ಮನಿದ್ದ ತನ್ನ ಬಾಯಿಯ ಮೇಲೆ.

“ರಟ್ಟಿಲ್ಲದ ಪುಸ್ತಕಕ್ಕ ಹುಳ ಬೀಳ್ತದ್ರಿ” ಎಂದು ಚಾಚಾ ಗೊಣಗಿದರು, ಬೆನ್ನಿನ ಅಂಟು ಒರೆಸುತ್ತ. “ಎರಡು ಮಳಿಗಾಲ ಬಾಳಿದ್ರ ಹೆಚ್ಚು.”

“ಹುಳಕ್ಕೂ ಹೊಟ್ಟಿ ಅದಲ ಸಾಬಣ್ಣ” ಎಂದಳು ಬಂಡೆಮ್ಮ. “ಹುಳ ತಿನ್ನಬಾರದು, ಕುರಿ ತಿಂದ್ರ ಸಾಯಬಾರದು, ಎರಡೂ ಹ್ಯಾಂಗ ಆಗ್ತಾವು? ನಿನ್ನ ಉಸ್ತಾದನ್ನ ಕೇಳು.”

“ಉಸ್ತಾದ್ ಮಣ್ಣಾಗಿ ನಲವತ್ತು ವರ್ಷ ಆತು.”

“ಆಂವಗ ಹುಳ ಬೀಳಲಿಲ್ಲೇನು?”

ಚಾಚಾ ನಗಬಾರದೆಂದು ತುಟಿ ಕಚ್ಚಿದರು. ಆಮೇಲೆ ನಕ್ಕೇಬಿಟ್ಟರು. ಮುಂದಿನ ಸಲ ಅಂಟಿಗೆ ಬೇವಿನ ಸೊಪ್ಪು ಕುದಿಸಿ ಹಾಕಿ ನೋಡುವುದೇ ಎಂದು ಕೇಳಿದರು. ಬೇವು ಕುರಿಗೆ ಆಗುತ್ತದೆ, ಹುಳ ಹೋಗುತ್ತದೋ ಇಲ್ಲವೋ ತನಗೆ ತಿಳಿಯದು ಎಂದಳು ಬಂಡೆಮ್ಮ. ಹರಿಪ್ರಿಯಾಗೆ ನಗು ಬರಲಿಲ್ಲ. ಇನ್ನೂ ನಾಲ್ಕುನೂರಾ ನಲವತ್ತು ಉಳಿದಿದ್ದವು, ಒಂದು ಮನೆಯ ದೇವರ ಮುಂದೆ, ಮಿಕ್ಕವು ರಾಯಚೂರಿನಲ್ಲಿ.

ಅಷ್ಟರಲ್ಲಿ ದೇವದುರ್ಗದ ಹೆಡ್‌ಮಾಸ್ತರರ ಫೋನು ಬಂತು. “ಮೇಡಂ, ನಾಳೆ ಪುಸ್ತಕಾನ ಮಿಂಚೋ ಕಾಗದದಾಗ ಕಟ್ಟಿ, ರಿಬ್ಬನ್ ಹಾಕಿ ತರ್ರಿ. ವೇದಿಕಿ ಮ್ಯಾಲ ಅತಿಥಿಗಳು ಬಿಚ್ಚಿ ತೋರಿಸಬೇಕಲ್ರಿ?”

“ಮಿಂಚೋ ಕಾಗದ ಇಲ್ರಿ ಸರ್.”

“ಇರ್ಲಿ ಬಿಡ್ರಿ, ಮುಖಪುಟ ಚಂದ ಅದ ಅಂತ ಕೇಳೀನಿ.”

“ಮುಖಪುಟಾನೂ ಇಲ್ರಿ.”

“ಮತ್ತ ಏನು ಬಿಡುಗಡಿ ಮಾಡೂದ್ರಿ ಮೇಡಂ?”

“ಕಥಿ ಅದಾವಲ್ರಿ” ಎಂದು ಹರಿಪ್ರಿಯಾ ಫೋನು ಇಟ್ಟರು. ಸೋಮವಾರ ಏನಾಗುವುದೋ ಆಕೆಗೂ ತಿಳಿದಿರಲಿಲ್ಲ.

ಹೊತ್ತು ಮಧ್ಯಾಹ್ನ ದಾಟುವ ವೇಳೆಗೆ ಅರವತ್ತೂ ಬರಿಮೈಯಾದವು. ಕಿತ್ತ ರಟ್ಟುಗಳು ಬುಟ್ಟಿಯಲ್ಲಿ. ಬೋಗುಣಿಯ ನೀರು ತಿಳಿನೀಲಿಗೆ ತಿರುಗಿತ್ತು. ಅದನ್ನು ಚೆಲ್ಲಲು ಚಾಚಾ ಎದ್ದರೆ, “ಎಲ್ಲಿ ಚೆಲ್ತಿ? ಹುಲ್ಲಿಗೇನು?” ಎಂದು ಬಂಡೆಮ್ಮ ಗದರಿಸಿದಳು. “ಇಡು ಇಲ್ಲಿ. ಎರಡು ಕುರಿ ಕುಂಟಾಕತ್ತಾವು, ಗೊರಸು ತೊಳೀತೀನಿ. ಇಷ್ಟರಾಗ ಏನಾಗ್ತದೋ, ಆದ್ರೂ ಇರ್ಲಿ.”

ಹೊರಡುವ ಮುಂಚೆ ಹರಿಪ್ರಿಯಾ ಒಂದು ಪ್ರತಿ ತೆಗೆದರು. ಬೆನ್ನನ್ನು ಮತ್ತೊಮ್ಮೆ ಒರೆಸಿ ನೋಡಿದರು. ಅಂಟಿಲ್ಲ, ನೀಲಿಯಿಲ್ಲ. ಮಾಸಲು ಹಾಳೆ, ಎಣ್ಣೆಯ ಮಸಿ, ಹತ್ತಿಯ ನೂಲು. ತಾವೇ ಹೋಗಿ ಟಗರಿನ ಮುಂದೆ ಹಿಡಿದರು.

ಟಗರು ಮೂಸಿತು. ಮುಖ ತಿರುಗಿಸಿತು. ಕಾಲ ಬುಡದ ಹಸಿ ಹುಲ್ಲಿಗೆ ಬಾಯಿ ಹಾಕಿತು.

ಹರಿಪ್ರಿಯಾ ಇನ್ನೂ ಹತ್ತಿರ ಹಿಡಿದರು. ಅದು ತಲೆಯಿಂದ ನೂಕಿತು.

“ತಿನ್ನವಲ್ದು” ಎಂದರು ಆಕೆ, ಅಳುವೋ ಸಿಟ್ಟೋ ತಿಳಿಯದ ದನಿಯಲ್ಲಿ. “ಇಷ್ಟೆಲ್ಲಾ ಮಾಡಿದ ಮ್ಯಾಲ ತಿನ್ನವಲ್ದು ನೋಡ್ರಿ!”

“ಹೊಟ್ಟಿ ತುಂಬ್ಯಾದ ಅದಕ್ಕ. ಸುತ್ತಾ ಹುಲ್ಲು ಅದ, ನಿನ್ನ ಪುಸ್ತಕ ಯಾಕ ಬೇಕು?” ಬಂಡೆಮ್ಮ ಅವರ ಕೈಯಿಂದ ಪುಸ್ತಕ ತೆಗೆದುಕೊಂಡಳು. “ಹಸದಾಗಿನ ಮಾತು ನಾ ಹೇಳಿದ್ದು. ಬ್ಯಾಸಗಿ ಬರ್ಲಿ.”

ಒಳಗೆ ಹೋಗಿ ಗೋಡೆಯ ಗೂಡಿನಲ್ಲಿ ಇಟ್ಟಳು. ಅಲ್ಲಿ ಆ ಹಳೆಯ ತುಂಡು ಇನ್ನೂ ಇತ್ತು. ಅದನ್ನು ತೆಗೆಯಲಿಲ್ಲ, ಪುಸ್ತಕವನ್ನು ಅದರ ಪಕ್ಕಕ್ಕೇ ಸರಿಸಿದಳು. ಬಾಗಿಲ ಬೆಳಕಿಗೆ ಬೇವಿನ ಟೊಂಗೆ ಮಿಂಚಿತು, ಪುಸ್ತಕ ಮಿಂಚಲಿಲ್ಲ.

ಗಬ್ಬೂರಿನ ಬಸ್ಸಿಗೆ ಇನ್ನೂ ಎರಡು ಮೈಲು ನಡೆಯಬೇಕು. ಚಾಚಾ ರಟ್ಟಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡರು. ಹರಿಪ್ರಿಯಾ ಎರಡು ಚೀಲ ಎತ್ತಿಕೊಂಡರು. ಬರುವಾಗಿನದಕ್ಕಿಂತ ಹಗುರಾಗಿದ್ದವು, ಆದರೂ ಭುಜ ನೋಯುತ್ತಿತ್ತು.